ಆರನೇ ಕಂತಿನಲ್ಲಿ ನಾನು ಹೇಳಿದ ಸುಳ್ಳು

ಹೋದ ತಿಂಗಳು ದಾಸರಹಳ್ಳಿ ಮೆಟ್ರೊ ಸ್ಟೇಷನ್ನಿನ ಕೆಳಗಿನ ಟೀ ಅಂಗಡಿಯಲ್ಲಿ ನಿಂತಿದ್ದೆ. ಮಳೆ ಜಿನುಗುತ್ತಿತ್ತು. ಟೀ ಕಾಯಿಸುವವನು ಹಾಲಿನ ಪಾತ್ರೆಯ ಪಕ್ಕದಲ್ಲಿ ಫೋನನ್ನು ಒರಗಿಸಿಟ್ಟುಕೊಂಡು ಏನೋ ಕತೆ ಕೇಳುತ್ತಿದ್ದ. ನಾನು ಮೊದಲು ಗಮನ ಕೊಡಲಿಲ್ಲ. ಆಮೇಲೆ ಫೋನಿನೊಳಗಿಂದ ಒಬ್ಬ, "ನೀವೆಲ್ಲ ಹೋಗಿ! ಶಟರ್ ನಾನು ಹಿಡ್ಕೊಂಡಿರ್ತೀನಿ!" ಎಂದು ಕೂಗಿದ. ಅದು ನನ್ನದೇ ದನಿ.

"ಏನ್ ವಾಯ್ಸ್ ಸಾರ್ ಇವನ್ದು," ಎಂದು ಟೀಯವನು ಲೋಟ ಮುಂದಿಟ್ಟ. "ನಾಕನೇ ಸಲ ಕೇಳ್ತಿರೋದು. ಈ ಸೀನ್ ಬಂದ್ರೆ ಮೈ ಜುಂ ಅನ್ಸುತ್ತೆ."

"ಹೌದಾ," ಎಂದೆ.

"ಗಂಡಸು ಅಂದ್ರೆ ಹಿಂಗಿರ್ಬೇಕು ಸಾರ್."

ಅರ್ಧ ಟೀ ಬಿಟ್ಟು ಹೊರಟೆ. ದನಿ ನನ್ನದು ನಿಜ, ಆದರೆ ಮಾತು ಸುಳ್ಳು. ಶಟರ್ ಹಿಡಿದು ನಿಂತವನು ನಾನಲ್ಲ. ಅದನ್ನು ಬಿಟ್ಟು ಓಡಿದವನು ನಾನು. ಇದು ಒಂದು ಆಟದಲ್ಲಿ ನಡೆದದ್ದು. ನಿಜವಾದ ಶಟರೂ ಇರಲಿಲ್ಲ, ನಿಜವಾಗಿ ಯಾರಿಗೂ ಏನೂ ಆಗಲಿಲ್ಲ. ಆದರೂ ಆ ಸುಳ್ಳು ನನ್ನ ಅಕ್ಕನನ್ನು ನನ್ನಿಂದ ದೂರ ಮಾಡಿತು. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು, ಬರೆದು ಅಭ್ಯಾಸವಿಲ್ಲ. ಆದರೆ ಆ ಕತೆಯ ಕಂತು ಫೋನುಗಳಲ್ಲಿ ಹಾಗೆಯೇ ಓಡುತ್ತಿರುವಾಗ ನಡೆದದ್ದನ್ನು ನಡೆದಂತೆ ಎಲ್ಲಾದರೂ ಒಂದು ಕಡೆ ಹೇಳಬೇಕು ಅನ್ನಿಸಿತು.

ಹೋದ ವರ್ಷ ನಾವಿಬ್ಬರೂ ಬಾಗಲಗುಂಟೆಯಲ್ಲಿ, ಪಾರ್ವತಮ್ಮನವರ ಮನೆಯ ತಾರಸಿ ಮೇಲಿನ ಶೀಟ್ ರೂಮಿನಲ್ಲಿ ಬಾಡಿಗೆಗಿದ್ದೆವು. ಅಕ್ಕನ ಹೆಸರು ಸುಜಾತ. ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಪೀಣ್ಯದಲ್ಲಿ ಬಿಡಿಭಾಗಗಳನ್ನು ಕೊರೆಯುವ ಒಂದು ಟೂಲ್ ರೂಮಿನಲ್ಲಿ ಇನ್‌ಸ್ಪೆಕ್ಷನ್ ಕೆಲಸ. ಮೆಷಿನ್ನಿನಿಂದ ಬಂದ ಪೀಸನ್ನು ಅಳೆದು, ಸರಿಯಿದ್ದರೆ ಹಸಿರು ಸ್ಟಿಕ್ಕರ್, ಇಲ್ಲದಿದ್ದರೆ ಕೆಂಪು ಸ್ಟಿಕ್ಕರ್ ಅಂಟಿಸುವುದು. ಸೂಪರ್‌ವೈಸರ್ ಬಂದು, "ಒಂದು ಕೂದಲೆಳೆ ಅಷ್ಟೇ ಅಲ್ವಾ ಸುಜಾತ, ಬಿಟ್ಬಿಡಿ," ಎಂದರೆ, "ಕೂದಲೆಳೆ ಅಂತ ನಿಮಗೂ ಗೊತ್ತಾಯ್ತಲ್ಲ ಸಾರ್, ಇನ್ ಹೆಂಗ್ ಬಿಡ್ಲಿ?" ಎನ್ನುತ್ತಿದ್ದಳಂತೆ. ನಾನು ಇನ್ನೊಂದು ಕಡೆ, ಪೌಡರ್ ಕೋಟಿಂಗ್ ಮಾಡುವ ಶೆಡ್ಡಿನಲ್ಲಿದ್ದೆ. ಬಣ್ಣಕ್ಕೆ ಹೋಗುವ ಬಿಡಿಭಾಗಗಳನ್ನು ಕೊಕ್ಕೆಗೆ ನೇತುಹಾಕುವುದು, ಬಣ್ಣವಾಗಿ ಬಂದದ್ದನ್ನು ಇಳಿಸುವುದು. ದಿನವೆಲ್ಲ ಅದೇ.

ಆ ವರ್ಷ ಮಳೆ ಬೇಗ ಹಿಡಿಯಿತು. ಕಾರ್ಖಾನೆಗಳಲ್ಲಿ ಆರ್ಡರ್ ಕಡಿಮೆಯಾಗಿ ಭಾನುವಾರದ ಓವರ್‌ಟೈಮ್ ನಿಂತುಹೋಯಿತು. ಎಲ್ಲರಿಗೂ ಮನೆಯಲ್ಲಿ ಒಂದು ಪೂರ್ತಿ ದಿನ ಸಿಕ್ಕಿತು. ಆ ಹೊತ್ತಿಗೆ ಅಕ್ಕ ಈ ಆಟವನ್ನು ತಂದಳು.

ಅವಳ ಕಾರ್ಖಾನೆಗೆ ಟ್ರೈನಿಂಗಿಗೆ ಬಂದಿದ್ದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ಕ್ಯಾಂಟೀನಿನಲ್ಲಿ ಇದರ ಬಗ್ಗೆ ಹೇಳಿದ್ದನಂತೆ. ಬೋರ್ಡಿಲ್ಲ, ಕಾಯಿಗಳಿಲ್ಲ. ಸುತ್ತ ಕೂತು ಬಾಯಲ್ಲೇ ಆಡುವ ಆಟ. ಒಬ್ಬರು ಒಂದು ಊರನ್ನು ಕಟ್ಟಿ ಹೇಳುತ್ತಾರೆ. ಉಳಿದವರು ತಲೆಗೊಂದು ಪಾತ್ರ ಮಾಡಿಕೊಂಡು ಆ ಊರಿನೊಳಗೆ ಹೋಗುತ್ತಾರೆ. ಮುಂದೆ ಹುಲಿ ಬಂತು ಎಂದು ನಡೆಸುವವರು ಹೇಳಿದರೆ, ಮರ ಹತ್ತುತ್ತೇನೆ ಎಂದು ನಾವು ಹೇಳಬಹುದು. ಹತ್ತಲು ಆಯಿತೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಆ ಹುಡುಗರು ಇಂಗ್ಲಿಷಿನಲ್ಲಿ ಆಡುತ್ತಿದ್ದರಂತೆ. ಅಕ್ಕ ಅವನನ್ನು, "ಕನ್ನಡದಲ್ಲಿ ಆಡಿದ್ರೆ ಏನಾದ್ರೂ ಆಗುತ್ತಾ?" ಎಂದು ಕೇಳಿದಳಂತೆ. "ಏನೂ ಆಗಲ್ಲ ಅಕ್ಕ," ಎಂದನಂತೆ ಅವನು.

ದಾಳ ಮಾಡಿದವನು ಶರಣಪ್ಪ. ಕೊಪ್ಪಳದ ಕಡೆಯವನು. ನಮ್ಮ ಕೆಳಗಿನ ರೂಮಿನಲ್ಲಿದ್ದ. ಅಕ್ಕನ ಕಾರ್ಖಾನೆಯಲ್ಲೇ ಮಿಲ್ಲಿಂಗ್ ಮೆಷಿನ್ ಆಪರೇಟರ್. ಉಳಿದುಬಿದ್ದ ನೈಲಾನ್ ತುಂಡಿನಲ್ಲಿ ಇಪ್ಪತ್ತು ಮುಖ ಕೊರೆದು, ಕನ್ನಡ ಅಂಕಿ ಕೆತ್ತಿ ತಂದ. ಅಕ್ಕ ಅದನ್ನು ಒಂದು ಸಂಜೆಯಿಡೀ ಉರುಳಿಸಿ, ಯಾವ ಮುಖ ಎಷ್ಟು ಸಲ ಬಿತ್ತು ಎಂದು ಗೀಟು ಹಾಕುತ್ತಾ ಕೂತಳು. ಹದಿನಾಲ್ಕು ಜಾಸ್ತಿ ಬೀಳುತ್ತಿತ್ತು. ಬ್ಯಾಗಿನಿಂದ ಕೆಂಪು ಸ್ಟಿಕ್ಕರ್ ತೆಗೆದು ಅಂಟಿಸಿದಳು.

"ಅಕ್ಕಾರ, ಆಟದ ಸಾಮಾನಿಗೂ ರಿಜೆಕ್ಟ್ ಏನ್ರೀ?" ಎಂದ ಶರಣಪ್ಪ.

"ಆಟದಲ್ಲೇ ಮೋಸ ಮಾಡಿದ್ರೆ ಇನ್ನೆಲ್ಲಿ ಮಾಡಲ್ಲ?"

ಎರಡನೆಯದೂ ಹೋಯಿತು. ಮೂರನೆಯದಕ್ಕೆ ಹಸಿರು ಸ್ಟಿಕ್ಕರ್ ಸಿಕ್ಕಿತು. ಶರಣಪ್ಪ ಆ ಸ್ಟಿಕ್ಕರನ್ನು ಕಿತ್ತು ತನ್ನ ಹೆಲ್ಮೆಟ್ಟಿಗೆ ಅಂಟಿಸಿಕೊಂಡ.

ಅಕ್ಕ ಕಟ್ಟಿದ ಊರಿನಲ್ಲಿ ದಿನಕ್ಕೆ ಎಂಟು ಸೈರನ್. ಏಳುವುದಕ್ಕೊಂದು, ಉಣ್ಣುವುದಕ್ಕೊಂದು, ಶಿಫ್ಟಿಗೊಂದು, ಹೀಗೆ. ಒಮ್ಮೊಮ್ಮೆ, ಯಾರು ಊದಿದ್ದೆಂದು ತಿಳಿಯದ ಒಂಬತ್ತನೇ ಸೈರನ್ ಕೇಳುತ್ತದೆ. ಅದು ಕೇಳಿದಾಗ ಊರಿನ ಒಂದು ಓಣಿಯ ಬಾಯಿಗೆ ಕಬ್ಬಿಣದ ಶಟರ್ ಇಳಿಯುತ್ತದೆ. ಮಾರನೇ ದಿನ ಅಲ್ಲಿ ಓಣಿಯೇ ಇರುವುದಿಲ್ಲ, ಬರೀ ಗೋಡೆ. ಅದನ್ನು ಊದುವವರು ಯಾರೆಂದು ನಾವು ಹುಡುಕಬೇಕು. ಇದೆಲ್ಲ ಅವಳ ತಲೆಯಲ್ಲಿ ಎಲ್ಲಿತ್ತೋ ನನಗೆ ಗೊತ್ತಿಲ್ಲ. ವೇಸ್ಟ್ ಆದ ಡ್ರಾಯಿಂಗ್ ಶೀಟುಗಳ ಹಿಂಬದಿಯಲ್ಲಿ ಓಣಿ ಓಣಿಯಾಗಿ ನಕ್ಷೆ ಬರೆದಿದ್ದಳು. ಅಲ್ಲಿನ ಹೂವಿನವಳು, ಪೊಲೀಸಿನವನು, ಕುಂಟು ನಾಯಿ, ಎಲ್ಲದರ ಮಾತನ್ನೂ ಅವಳೇ ಆಡುತ್ತಿದ್ದಳು. ಅವಳಿಗೆ ಸ್ವಂತ ಪಾತ್ರವೆಂದು ಒಂದಿರಲಿಲ್ಲ.

ನನ್ನದು ಕೆಂಚ, ಬೀಗ ತೆಗೆಯುವವನು, ಬಾಯಿ ಜೋರು. ಶರಣಪ್ಪನದು ಭೀಮಶಿ, ಮೂಟೆ ಹೊರುವವನು, ಮಾತು ಕಡಿಮೆ. ಮೂರನೆಯ ಪಾತ್ರ ಬಂದದ್ದು ಎರಡನೇ ವಾರ. ಗಲಾಟೆ ಕೇಳಿ ಬೈಯಲೆಂದು ಮನೆ ಓನರ್ ಪಾರ್ವತಮ್ಮ ಮೇಲೆ ಹತ್ತಿ ಬಂದರು. ಬಾಗಲಗುಂಟೆ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವವರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರ ಬಾಡಿಗೆ ರೂಮುಗಳಿವೆ.

"ಏನ್ರಲಾ ಅದು, ಸೈರನ್ನು ಸೈರನ್ನು ಅಂತ ಬಡ್ಕೊಂತೀರಾ? ಮನೇಲಿ ಮನುಸ್ರು ಇರಾದ್ ಬ್ಯಾಡ್ವಾ?"

ಅಕ್ಕ ವಿವರಿಸಿದಳು. ಅವರು ಬಾಗಿಲಲ್ಲೇ ನಿಂತು ಅರ್ಧ ಗಂಟೆ ಕೇಳಿದರು. ಕೊನೆಗೆ ಸೆರಗು ಕೊಡವಿ ಕೂತು, "ನಂಗೂ ಒಂದು ಆಳು ಕೊಡವ್ವ. ಔಸ್ದಿ ಕೊಡೋಳು. ಬಾಯಿ ಬಿಟ್ರೆ ಬರೀ ಸುಳ್ಳು ಯೋಳ್ತಾಳೆ, ಆದ್ರೆ ಕೈ ಗುಣ ಒಳ್ಳೇದು," ಎಂದರು. ಆ ಔಷಧಿಯವಳ ಹೆಸರು ನಾಗಕ್ಕ.

ನಮ್ಮ ಆಟಕ್ಕೆ ಎರಡೇ ಕಟ್ಟುಪಾಡು. ದಾಳ ಬಿದ್ದರೆ ಬಿತ್ತು, ಮತ್ತೆ ಉರುಳಿಸುವಂತಿಲ್ಲ. ಅವರವರ ಪಾತ್ರದ ಮಾತು ಅವರವರೇ ಆಡಬೇಕು. ಭೀಮಶಿ ಏನು ಮಾಡಿದ ಎಂದು ಶರಣಪ್ಪನ ಬದಲು ಇನ್ನೊಬ್ಬರು ಹೇಳುವ ಹಾಗಿಲ್ಲ. ಪಾರ್ವತಮ್ಮ ಎರಡನ್ನೂ ಮುರಿಯಲು ದಿನಾ ನೋಡುತ್ತಿದ್ದರು. ಅಕ್ಕ ಒಂದು ದಿನವೂ ಬಿಡಲಿಲ್ಲ.

ಜೂನ್, ಜುಲೈ, ಆಗಸ್ಟ್ ಹೀಗೇ ಹೋಯಿತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾಲ್ಕು ಜನ, ನಡುವೆ ಒಂದು ಚಾಪೆ. ಮಳೆ ಜೋರಾದರೆ ಶೀಟಿನ ಮೇಲೆ ಯಾರ ಮಾತೂ ಕೇಳುತ್ತಿರಲಿಲ್ಲ. ಅಕ್ಕ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿ ಕಾಯುತ್ತಿದ್ದಳು. ನಾನು ಫೋನಿನಲ್ಲಿ ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡು, ವಾರವೆಲ್ಲ ಕೆಲಸದಲ್ಲಿ ಕೇಳುತ್ತಿದ್ದೆ. ಎಂಟು ಗಂಟೆ ಕೊಕ್ಕೆಗೆ ನೇತುಹಾಕುವವನಿಗೆ ಅದೊಂದು ಬೇರೆ ಲೋಕ. ನಿಜ ಹೇಳಬೇಕೆಂದರೆ ನಾನು ಹೆಚ್ಚಾಗಿ ಕೇಳುತ್ತಿದ್ದದ್ದು ನನ್ನ ಮಾತುಗಳನ್ನೇ. ನನ್ನ ದನಿ ಚೆನ್ನಾಗಿದೆ ಎಂದು ಆಗಲೇ ನನಗೆ ಗೊತ್ತಾಗಿತ್ತು.

ಸೆಪ್ಟೆಂಬರಿನ ಒಂದು ಭಾನುವಾರ, ಮಳೆ ನಿಂತ ಮೇಲೆ ಅಕ್ಕ ಹೇಳಿದಳು: "ಒಂಬತ್ತನೇ ಸೈರನ್ ಆಗಿದೆ. ನೀವಿರೋ ಓಣಿಗೇ ಶಟರ್ ಇಳೀತಿದೆ. ಒಳಗೆ ಇನ್ನೂ ಜನ ಇದ್ದಾರೆ. ಏನ್ ಮಾಡ್ತೀರಾ?"

"ನಾ ಶಟರ್ ಹಿಡೀತೀನಿ," ಎಂದ ಶರಣಪ್ಪ. "ಏ ಮಂಜ್ಯಾ, ನೀ ಆ ಕಡೀಗೆ ಹಿಡಿಯಲೇ. ಇಬ್ರೂ ಹಿಡದ್ರ ತಡೀತೈತಿ."

"ಕೆಂಚ ಇರೋವಾಗ ಶಟರ್ ಹೆಂಗ್ ಇಳಿಯುತ್ತೆ ಮಗಾ?" ಎಂದೆ ನಾನು. ಕೆಂಚನ ಮಾತೇ ಹಾಗೆ.

ಪಾರ್ವತಮ್ಮನ ನಾಗಕ್ಕ ಜನರನ್ನು ಹೊರಗೆ ಸಾಗಿಸಲು ಓಡಿದಳು. ನಾನು ದಾಳ ಉರುಳಿಸಿದೆ. ಹತ್ತಕ್ಕಿಂತ ಮೇಲೆ ಬೀಳಬೇಕಿತ್ತು. ಮೂರು ಬಿತ್ತು.

"ಮೂರು," ಎಂದಳು ಅಕ್ಕ. "ಕೈ ಜಾರ್ತು. ಭಾರ ಪೂರ್ತಿ ಭೀಮಶಿ ಮೇಲೆ ಬಿದ್ದಿದೆ. ಕೆಂಚ, ನೀನೀಗ ಇನ್ನೊಂದ್ಸಲ ಹಿಡಿಯೋಕೆ ನೋಡ್ಬೋದು. ಆಗ್ಲಿಲ್ಲ ಅಂದ್ರೆ ನೀನೂ ಒಳಗೇ. ಇಲ್ಲಾ, ಕೆಳಗಿಂದ ಉರುಳಿ ಆಚೆ ಹೋಗ್ಬೋದು. ಯಾವ್ದು?"

"ಆಚೆ," ಎಂದೆ. ಯೋಚನೆ ಮಾಡಲೇ ಇಲ್ಲ. ಬಾಯಿಂದ ಅದೇ ಬಂತು.

ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿ, ದಾಳವನ್ನು ಶರಣಪ್ಪನ ಕಡೆ ತಳ್ಳಿದಳು. ಅವನಿಗೆ ಹದಿನೇಳು ಬಿತ್ತು. ಭೀಮಶಿ ಒಬ್ಬನೇ ಹಿಡಿದು ನಿಂತ. ಕೊನೆಯ ಮನೆಯ ಮುದುಕಿ ಹೊರಗೆ ಹೋಗುವ ತನಕ ಹಿಡಿದ.

"ಎಲ್ಲಾರೂ ಹೊರಗ ಹ್ವಾದ್ರೇನ್ರಿ ಅಕ್ಕಾರ?" ಎಂದು ಕೇಳಿದ ಶರಣಪ್ಪ.

"ಎಲ್ಲಾರೂ ಹೋದ್ರು."

"ಹಂಗಾರ ಕೈ ಬಿಡ್ತೀನಿ."

ಶಟರ್ ಬಿತ್ತು, ಭೀಮಶಿ ಒಳಗೇ ಉಳಿದ. ಶರಣಪ್ಪ ತನ್ನ ಎರಡು ಕೈಯನ್ನೂ ಚಾಪೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತಿದ್ದ. ಆಮೇಲೆ ಪಾರ್ವತಮ್ಮ ನನ್ನ ಕಡೆ ತಿರುಗಿದರು.

"ಥೂ ನಿನ್ನ! ಜೊತ್ಗಾರನ್ನ ಬಿಟ್ಟು ಉಲ್ಡಾಡ್ಕೊಂಡು ಬಂದವ್ನೆ ನೋಡು."

"ಓನರಮ್ಮ, ಅದು ಕೆಂಚ, ನಾನಲ್ಲ."

"ಕೆಂಚನ್ ಬಾಯಾಗೆ ಮಾತಾಡಿದ್ದು ಯಾರ್ಲಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಒಳಗೆಲ್ಲೋ ಉಳಿದುಕೊಂಡಿತು. ಮರುವಾರ ಶರಣಪ್ಪ ಹೊಸ ಪಾತ್ರ ಮಾಡಿಕೊಂಡು ಬಂದ: ಭೀಮಶಿಯ ತಂಗಿ. ಅಣ್ಣ ಹೋದ ಓಣಿಯನ್ನು ಹುಡುಕಿಕೊಂಡು ಬಂದವಳು. ಅಲ್ಲಿಂದ ಆಟದ ದಿಕ್ಕೇ ಬದಲಾಯಿತು. ಸೈರನ್ ಊದುವವರನ್ನು ಬಿಟ್ಟು ನಾವೆಲ್ಲ ಭೀಮಶಿಯನ್ನು ಹುಡುಕತೊಡಗಿದೆವು. ಕೆಂಚ ಆ ತಂಗಿಯ ಹಿಂದೆ ತಲೆ ತಗ್ಗಿಸಿ ನಡೆಯಬೇಕಾಗಿತ್ತು. ನನಗದು ಕಷ್ಟವಾಗುತ್ತಿತ್ತು. ಈಗ ನೋಡಿದರೆ, ಆಟ ಅತ್ಯಂತ ಚೆನ್ನಾಗಿದ್ದದ್ದು ಆ ಐದಾರು ವಾರಗಳಲ್ಲೇ.

ಅದೇ ಸಮಯದಲ್ಲಿ ನಾನು ರೆಕಾರ್ಡಿಂಗಿನ ಒಂದು ತುಣುಕನ್ನು ಕತೆಗಳನ್ನು ಕೇಳಿಸುವ ಒಂದು ಆಪಿನವರಿಗೆ ಕಳಿಸಿದೆ. ಅವರು ಕರೆದರು. ವೈಟ್‌ಫೀಲ್ಡಿನಲ್ಲಿ ಆಫೀಸು. ನಾಗಸಂದ್ರದಲ್ಲಿ ಮೆಟ್ರೊ ಹತ್ತಿದವನು ಊರಿನ ಆ ತುದಿಗೆ ಇಳಿದೆ. ಅಷ್ಟು ದೂರ ಹೋಗುವಾಗ ಎಲ್ಲೂ ನನಗೆ ಅಕ್ಕನಿಗೆ ಪೂರ್ತಿ ಹೇಳಬೇಕು ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅನ್ನಿಸಿತು. ಆಟದ ರೆಕಾರ್ಡಿಂಗಿನಲ್ಲಿ ನನ್ನ ದನಿ ಇಷ್ಟವಾಗಿದೆ, ಕರೆದಿದ್ದಾರೆ ಎಂದಷ್ಟೇ ಹೇಳಿಹೋಗಿದ್ದೆ. "ಆಟ ಎಲ್ಲರದ್ದು ಮಂಜ. ಏನೇ ಇದ್ರೂ ಎಲ್ಲರನ್ನೂ ಕೇಳಿ ಮಾಡು," ಎಂದಿದ್ದಳು. "ಹೂಂ" ಎಂದಿದ್ದೆ.

ಅಲ್ಲಿ ಸ್ಮಿತಾ ಎನ್ನುವವರು ಕತೆ ನೋಡಿಕೊಳ್ಳುವವರು. ಒಳ್ಳೆಯ ಹೆಂಗಸು, ಅವರ ಮೇಲೆ ನಾನು ತಪ್ಪು ಹೊರಿಸುವುದಿಲ್ಲ. ಉಳಿದ ರೆಕಾರ್ಡಿಂಗನ್ನೂ ತರಿಸಿಕೊಂಡು ಕೇಳಿ, ಕಂತುಗಳಾಗಿ ಹಂಚಿಟ್ಟಿದ್ದರು. "ಊರು ಬಹಳ ಚೆನ್ನಾಗಿದೆ. ಆದರೆ ಇದು ಆಟ, ಎಲ್ರೂ ಒಟ್ಟೊಟ್ಟಿಗೆ ಮಾತಾಡ್ತಾರೆ. ಕೇಳೋರಿಗೆ ಹಿಂದೆ ಹೋಗೋಕೆ ಒಬ್ಬ ಬೇಕು. ಹೀರೋ ಯಾರು?" ಎಂದು ಕೇಳಿದರು.

"ಕೆಂಚ," ಎಂದೆ.

"ಹೀರೋ ಆರನೇ ಕಂತಿನಲ್ಲಿ ಗೆಳೆಯನ್ನ ಬಿಟ್ಟು ಓಡಿಹೋಗ್ತಾನಲ್ಲ. ಏನ್ ಮಾಡೋಣ?"

ಏನು ಮಾಡೋಣ ಎಂದಷ್ಟೇ ಅವರು ಕೇಳಿದ್ದು. ಓಡಲಿ ಬಿಡಿ, ಅದೇ ಕತೆ ಎಂದು ನಾನು ಹೇಳಬಹುದಿತ್ತು. ಹೀರೋ ಭೀಮಶಿ ಎನ್ನಬಹುದಿತ್ತು. ಕೇಳಿಕೊಂಡು ಬರುತ್ತೇನೆ ಎನ್ನಬಹುದಿತ್ತು.

"ಓಡಲ್ಲ ಮೇಡಂ," ಎಂದೆ. "ಕೆಂಚ ಹಿಡ್ಕೊಂಡು ನಿಲ್ತಾನೆ. ಓಡೋದು ಭೀಮಶಿ."

ಅವರು ಬರೆದುಕೊಂಡರು. ಭೀಮಶಿಯನ್ನು ಆಡುವ ನಟನಿಗೆ, "ನಂಗೆ ಸಾಯೋಕೆ ಭಯ ಕಣೋ ಕೆಂಚ," ಎಂದು ಅಳುವ ಮಾತನ್ನೂ ನಾನೇ ಹೇಳಿಕೊಟ್ಟೆ. ಸ್ಟುಡಿಯೋದಲ್ಲಿ ಕಂಪ್ಯೂಟರಿನಿಂದ ಮಳೆಯ ಸದ್ದು ಹಾಕಿದರು. ಅದು ಎಲೆಗಳ ಮೇಲೆ ಬೀಳುವ ಮಳೆ, ಶೀಟಿನ ಮೇಲಿನದ್ದಲ್ಲ. ಕೊನೆಗೆ ಒಂದು ಫಾರಂ ಕೊಟ್ಟರು. ಪಾತ್ರಗಳು, ದನಿ ಕೊಟ್ಟವರು, ಕತೆ ಯಾರದು. ಅಕ್ಕನ ಹೆಸರನ್ನು ಬರೆಯಲು ನಾನು ಜಾಗ ಹುಡುಕಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅವಳು ಯಾವ ಪಾತ್ರವೂ ಅಲ್ಲವಲ್ಲ, ಎಲ್ಲಿ ಬರೆಯಲಿ ಎಂದು. ಜಾಗ ಇತ್ತು. ಕತೆ ಯಾರದು ಎಂಬ ಸಾಲಿನಲ್ಲಿ ನನ್ನ ಹೆಸರು ಬರೆದೆ.

ದೀಪಾವಳಿ ಕಳೆದ ಮೇಲೆ ಕಂತುಗಳು ಬರತೊಡಗಿದವು. ನಾನು ಮನೆಯಲ್ಲಿ ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಳ್ಳುತ್ತಲೇ ಆರು ವಾರ ಕಳೆದವು. ಒಂದು ಭಾನುವಾರ ಶರಣಪ್ಪ ದಾಳ ತೆಗೆಯುವ ಮೊದಲು ಫೋನ್ ತೆಗೆದು ಚಾಪೆಯ ಮೇಲಿಟ್ಟ. "ನಮ್ಮ ಕಾರ್ಖಾನಿ ಹುಡುಗ್ರು ಇದನ್ನ ಕೇಳಾಕತ್ತಿದ್ರು. ಮಂಜ್ಯಾ, ಇದು ನಿನ್ನ ದನಿ ಅಲ್ಲೇನಲೇ?"

ಆರನೇ ಕಂತನ್ನು ಪೂರ್ತಿ ಕೇಳಿದರು. ಮೊದಲು ಪಾರ್ವತಮ್ಮ, "ನನ್ ನಾಗಕ್ಕನ್ಗೆ ಅದ್ಯಾವಳನ್ನ ತಂದವ್ರೆ? ಬಸ್ ಕಂಡಕ್ಟ್ರು ಟಿಕೇಟ್ ಟಿಕೇಟ್ ಅಂದಂಗವ್ಳೆ," ಎಂದು ನಗಿಸಿದರು. ಶಟರ್ ಇಳಿಯುವಾಗ ನಗು ನಿಂತಿತು. ಭೀಮಶಿ ಅತ್ತ. ಕೆಂಚ ಕೂಗಿದ. ಕಂತು ಮುಗಿದು, ಕತೆ ಮತ್ತು ಮುಖ್ಯ ದನಿ ಎಂದು ನನ್ನ ಹೆಸರು ಬಂತು.

"ಭೀಮಶಿ ಹಂಗ ಅಳಂಗಿಲ್ಲಲೇ," ಎಂದ ಶರಣಪ್ಪ. ಸಿಟ್ಟಿನಿಂದ ಹೇಳಲಿಲ್ಲ. ಗೊತ್ತಿಲ್ಲದವನಿಗೆ ತಿಳಿಸುವ ಹಾಗೆ ಹೇಳಿದ.

ಅಕ್ಕ ನನ್ನನ್ನು ಒಂದೇ ಪ್ರಶ್ನೆ ಕೇಳಿದಳು. "ಮೂರು ಬಿದ್ದಿತ್ತು ಅಲ್ವಾ?"

"ಕತೆಗೋಸ್ಕರ ಅಕ್ಕ. ಹೀರೋ ಓಡಿದ್ರೆ ಜನ ಕೇಳಲ್ಲ ಅಂತ..."

"ಅದೇ ಕತೆಯಾಗಿತ್ತು ಮಂಜ."

ಹೆಸರಿನ ವಿಷಯ ಎತ್ತಲೇ ಇಲ್ಲ. ನಕ್ಷೆಗಳನ್ನು ಮಡಿಸಿ ಬ್ಯಾಗಿಗೆ ಹಾಕಿದಳು. ಆ ದಿನ ಆಟ ಆಗಲಿಲ್ಲ, ಆಮೇಲೂ ಆಗಲಿಲ್ಲ. ಒಂದೇ ರೂಮಿನಲ್ಲಿದ್ದುಕೊಂಡು ಅನ್ನ ಆಗಿದೆ, ಗ್ಯಾಸ್ ಖಾಲಿ, ಇಷ್ಟರ ಹೊರತು ಮಾತಿರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಜಾಲಹಳ್ಳಿಯ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಅಲ್ಲೇ ಒಂದು ರೂಮು ಮಾಡಿಕೊಂಡು ಹೋದಳು. ಶರಣಪ್ಪನೂ ನರಸಾಪುರದ ಕಡೆ ಕೆಲಸಕ್ಕೆ ಸೇರಿದ.

ಕತೆ ಮಾತ್ರ ನಿಲ್ಲಲಿಲ್ಲ. ಬೇಸಿಗೆಯಲ್ಲಿ ಆಪಿನವರು ಅದನ್ನು ಕಾಮಿಕ್ಸ್ ಪುಸ್ತಕ ಮಾಡಿದರು. ಮುಖಪುಟದಲ್ಲಿ ಕೆಂಚ ಎದೆಯುಬ್ಬಿಸಿ ಶಟರ್ ಎತ್ತಿ ಹಿಡಿದಿದ್ದ. ನನ್ನಂಥ ತೆಳ್ಳಗಿನವನಿಗೆ ಭೀಮಶಿಯ ತೋಳು ಬರೆದಿದ್ದರು. ಆಮೇಲೆ ಫೋನಿನಲ್ಲಿ ಆಡುವ ಆಟವೂ ಬಂತು. ಅಕ್ಕ ಕಟ್ಟಿದ ಆಟ ಹೋಗಿ ಕತೆಯಾಗಿ, ಕತೆ ಹೋಗಿ ಕಾಮಿಕ್ಸ್ ಆಗಿ, ಕೊನೆಗೆ ಮತ್ತೆ ಆಟವಾಗಿತ್ತು. ಆದರೆ ಇದರಲ್ಲಿ ಕೆಂಚನಾಗಿ ಮಾತ್ರ ಆಡಬಹುದು. ಶಟರ್ ಬೀಳುವಾಗ ಪರದೆಯನ್ನು ಬೇಗಬೇಗ ಒತ್ತಬೇಕು. ಕೈ ಸೋತರೆ 'ಮತ್ತೆ ಪ್ರಯತ್ನಿಸಿ' ಎಂದು ಬರುತ್ತದೆ, ಒತ್ತಿದರೆ ಶಟರ್ ಮೊದಲಿನಂತೆ ಮೇಲಿರುತ್ತದೆ. ನಾನು ಅದನ್ನು ಒಂದು ವಾರ ಆಡಿದೆ. ಎಷ್ಟು ಸಲ ಬೇಕಾದರೂ ಸೋಲಬಹುದು, ಯಾರೂ ಒಳಗೆ ಉಳಿಯುವುದಿಲ್ಲ. ಬೇಸರ ಬಂದು ತೆಗೆದುಹಾಕಿದೆ.

ಈ ಮಳೆಗಾಲ ಶುರುವಾದಾಗ ಪಾರ್ವತಮ್ಮ ಒಂದು ದಿನ ಮೆಟ್ಟಿಲಲ್ಲಿ ನಿಲ್ಲಿಸಿಕೊಂಡರು.

"ನಿಮ್ಮಕ್ಕ ಜಾಲಳ್ಳೀಲಿ ಆಟ ಶುರು ಮಾಡವ್ಳೆ. ನಾನೂ ಓಗಿದ್ದೆ ಓದ್ವಾರ. ಅಲ್ಲಿ ಓದ್ಕೊಂಡಿರೋ ಉಡುಗ್ರು ಇದನ್ನ ಫೋನಿಂದ ಕದ್ದಿರೋದು ಅಂದ್ರು ಕಣ್ಲಾ, ಅವಳ ಮಕದ್ ಮ್ಯಾಲೇ."

"ಅಕ್ಕ ಏನಂದ್ಲು?"

"ಅವಳೇನ್ ಅಂತಾಳೆ? ಅನ್ಬೇಕಾದೋನು ನೀನು."

ಮುಂದಿನ ಭಾನುವಾರ ಹೋದೆ. ಮರಗಳಿರುವ ಸದ್ದಿಲ್ಲದ ಬೀದಿ, ಹೊಲಿಗೆ ಹೇಳಿಕೊಡುವ ಒಂದು ಹಾಲ್. ಮೆಷಿನ್ನುಗಳಿಗೆಲ್ಲ ಬಟ್ಟೆ ಹೊದಿಸಿ ಪಕ್ಕಕ್ಕೆ ತಳ್ಳಿದ್ದರು. ನಡುವೆ ಐದು ಜನ. ಅಕ್ಕ ನನ್ನನ್ನು ನೋಡಿ, ಕೂರು ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಬಾಗಿಲ ಬಳಿ ಒಂದು ಸ್ಟೂಲ್ ಮೇಲೆ ಕೂತೆ. ಅದೇ ಊರು, ಅದೇ ಎಂಟು ಸೈರನ್. ಈ ಐವರೂ ಕಾಣೆಯಾದ ಒಬ್ಬ ಮೂಟೆ ಹೊರುವವನನ್ನು ಹುಡುಕುತ್ತಿದ್ದರು.

ಅವರಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ದೀಪಾ ಎಂಬ ಹುಡುಗಿ ಮಧ್ಯದಲ್ಲಿ ಹೇಳಿದಳು: "ಮೇಡಂ, ಬೇಜಾರಾಗ್ಬೇಡಿ. ಊರು ಅವರದ್ದು, ಸೈರನ್ ಅವರದ್ದು. ಆಪಿಂದ ತಗೊಂಡಿದ್ದು ಅಂತ ಹೇಳ್ಬಿಟ್ರೆ ಏನಾಗುತ್ತೆ?"

"ಅಲ್ಲಿಂದ ತಗೊಂಡಿದ್ದಲ್ಲ," ಎಂದಳು ಅಕ್ಕ.

"ಮತ್ತೆ ಅಲ್ಲಿ ನಿಮ್ ಹೆಸರೇ ಇಲ್ವಲ್ಲ?"

ಅಕ್ಕ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಮಾತಾಡುತ್ತಿದ್ದೆನೇನೋ ಎಂದು ಆಮೇಲೆ ಅಂದುಕೊಂಡೆ. ಅದೂ ನೆಪವೇ. ಐದು ಜನ ಅಪರಿಚಿತರ ಮುಂದೆ ಕಳ್ಳ ಎನಿಸಿಕೊಳ್ಳಲು ನನಗೆ ಆಗಲಿಲ್ಲ. ಅವಳು ಎನಿಸಿಕೊಂಡು ಕೂತಿದ್ದಳು. ಆಟ ಮುಗಿಯುವ ಮೊದಲೇ ಎದ್ದು ಬಂದೆ. ಮೊದಲ ಸಲ ಆಟದಲ್ಲಿ ಓಡಿದ್ದೆ. ಇದು ಆಟವಲ್ಲ.

ಮಾರನೇ ದಿನ ಸ್ಮಿತಾ ಅವರಿಗೆ ಎಲ್ಲವನ್ನೂ ಬರೆದು ಕಳಿಸಿದೆ. ಅವರು ಫೋನ್ ಮಾಡಿ, "ಮೊದಲೇ ಹೇಳ್ಬೇಕಿತ್ತು ಮಂಜುನಾಥ್," ಎಂದರು. ಮೂಲ ಆಟ ಮತ್ತು ಊರು ಸುಜಾತ ಅವರದು ಎಂದು ಹೆಸರು ಸೇರಿಸುತ್ತೇವೆ, ಆರನೇ ಕಂತನ್ನು ಮಾತ್ರ ಬದಲಿಸಲಾಗುವುದಿಲ್ಲ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ ಎಂದರು. ಶರಣಪ್ಪನಿಗೂ ಫೋನ್ ಮಾಡಿ ಅಷ್ಟನ್ನು ಹೇಳಿದೆ.

"ಹೆಸರು ಹಾಕಿಸಿದ್ದು ಛಲೋ ಆತು," ಎಂದ. "ಭೀಮಶಿ ಅಳೋದು ತಗಸಾಕ ಬರಂಗಿಲ್ಲೇನು?"

"ಬರಲ್ವಂತೆ."

"ಹ್ಮ್," ಎಂದು ಊಟ ಆಯಿತೇನೆಂದು ಕೇಳಿದ.

ಅದರ ಮುಂದಿನ ಭಾನುವಾರ ಮತ್ತೆ ಹೋದೆ. ಈ ಸಲ ಸ್ಟೂಲ್ ಮೇಲೆ ಕೂರಲಿಲ್ಲ. ಕೂತರೆ ಏಳುವುದಿಲ್ಲ ಎಂದು ಗೊತ್ತಿತ್ತು. ನಿಂತುಕೊಂಡೇ, "ಒಂದು ಮಾತು ಹೇಳ್ಬೇಕು," ಎಂದೆ. "ಈ ಊರು, ಸೈರನ್ನು, ಎಲ್ಲಾ ನಮ್ಮಕ್ಕಂದು. ನಾನು ಇವಳ ತಮ್ಮ. ಅದನ್ನ ತಗೊಂಡ್ಹೋಗಿ ಆಪಿಗೆ ಕೊಟ್ಟು ನನ್ ಹೆಸರು ಬರ್ಕೊಂಡೆ. ಕದ್ದಿದ್ದು ನಾನು."

ದೀಪಾ ಕಣ್ಣರಳಿಸಿದಳು. "ಕೆಂಚನ್ ವಾಯ್ಸ್ ನೀವೇನಾ? ಅಯ್ಯೋ, ಆ ಶಟರ್ ಸೀನು ಸಕ್ಕತ್..."

"ಅದೂ ಸುಳ್ಳು ಮೇಡಂ. ನಂಗೆ ಮೂರು ಬಿತ್ತು. ಆಮೇಲೆ ಇನ್ನೊಂದ್ಸಲ ಹಿಡಿಯೋ ಅವಕಾಶ ಇತ್ತು, ಹಿಡೀಲಿಲ್ಲ. ನಾನು ಆಚೆ ಓಡ್ಬಂದೆ. ಕೊನೇ ತನಕ ಹಿಡಿದಿದ್ದು ಭೀಮಶಿ. ಅವನು ಅಳ್ಲಿಲ್ಲ."

ಒಬ್ಬ ಹುಡುಗ, "ಅಂದ್ರೆ ನಾವು ಹುಡುಕ್ತಿರೋನು..." ಎಂದು ನಿಲ್ಲಿಸಿದ. ಅಕ್ಕ ನಕ್ಷೆಯ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದಳು.

"ಮುಗೀತಾ?" ಎಂದಳು ನನಗೆ.

"ಮುಗೀತು."

"ಹಂಗಾದ್ರೆ ಪಕ್ಕಕ್ಕೆ ಬಾ. ಬೆಳಕಿಗೆ ಅಡ್ಡ ನಿಂತಿದೀಯ."

ಪಕ್ಕಕ್ಕೆ ಬಂದೆ. ಆಟ ಮುಂದುವರಿಯಿತು. ಸಂಜೆ ಎಲ್ಲರೂ ಹೋದ ಮೇಲೆ ಇಬ್ಬರೂ ಸೇರಿ ಹೊಲಿಗೆ ಮೆಷಿನ್ನುಗಳನ್ನು ಮತ್ತೆ ಜಾಗಕ್ಕೆ ತಳ್ಳಿದೆವು. ಕ್ಷಮಿಸು ಎಂದು ಹೇಳಲು ನಾನು ಬಾಯಿ ತೆರೆದಾಗ ಅವಳು ತಡೆದಳು. "ಅದೆಲ್ಲ ಬೇಡ. ಸಿಟ್ಟು ಹೋಗಿಲ್ಲ ನಂಗೆ. ಹೋದಾಗ ಹೇಳ್ತೀನಿ." ಬೀಗ ಹಾಕಿ, ಬೀದಿಗೆ ಇಳಿದ ಮೇಲೆ ಮತ್ತೆ ಹೇಳಿದಳು: "ಬರೋ ವಾರ ಒಬ್ಬ ವಾಚ್‌ಮನ್ ಬರ್ತಾನೆ ಆಟದಲ್ಲಿ. ಹತ್ತು ನಿಮಿಷಕ್ಕೆ ಸಾಯೋನು. ಮಾಡ್ತೀಯಾ?"

"ಮಾಡ್ತೀನಿ," ಎಂದೆ.

ವಾಚ್‌ಮನ್‌ಗೆ ಹೆಸರೂ ಇರಲಿಲ್ಲ. ಐವರು ಒಂದು ಗೇಟಿನ ಹತ್ತಿರ ಬರುತ್ತಾರೆ, ಸೈರನ್ ಆಗುತ್ತದೆ, ಗೇಟನ್ನು ಅವನು ತೆರೆದು ಹಿಡಿಯಬೇಕು. ಎಂಟೇ ನಿಮಿಷವಾಗಿತ್ತು. ದಾಳ ಎರಡು ಬಿತ್ತು. ಅಕ್ಕ, "ಎರಡು," ಎಂದಳು. ದೀಪಾ ಪಾಪವೆಂದು, "ಇನ್ನೊಂದ್ಸಲ ಹಾಕ್ಲಿ ಬಿಡಿ ಮೇಡಂ, ಈಗ ತಾನೇ ಬಂದವ್ರೆ," ಎಂದಳು. ಅಕ್ಕ ನನ್ನ ಕಡೆ ನೋಡಿದಳು.

ನಾನು ದಾಳವನ್ನು ಪಕ್ಕದವರಿಗೆ ಕೊಟ್ಟೆ.